ಮೂರನೆಯ ಕಂಬದ ಕಾಕಾ

ಕಾಕಾನ ಬಲಗಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಬೋಳು ತಲೆ, ಗರಿಗರಿ ಇಸ್ತ್ರಿಯ ಅಂಗಿ, ಜೊತೆಗೆ ಬಡಗಿಯ ಹಾಗೆ ಈ ಪೆನ್ಸಿಲ್. ಬೀದರ್ ಕಡೆಯವರು, ನೀರಾವರಿ ಇಲಾಖೆಯಿಂದ ನಿವೃತ್ತರು, ಮಕ್ಕಳಿರಲಿಲ್ಲ. ಹೈದರಾಬಾದಿನ ಮಿಯಾಪುರದ ನಮ್ಮ ಅಪಾರ್ಟ್‌ಮೆಂಟ್ ಸಂಘಕ್ಕೆ ಒಂಬತ್ತು ವರ್ಷ ಕಾರ್ಯದರ್ಶಿ. ಪ್ರತಿ ತಿಂಗಳ ಮೊದಲ ದಿನ ಸೆಲ್ಲಾರಿಗೆ ಇಳಿದು, ಕಾರುಗಳ ನಡುವೆ ಕುಕ್ಕರಗಾಲಲ್ಲಿ ಕೂತು, ಮೂರನೆಯ ಕಂಬದ ಬಿರುಕು ಎಲ್ಲಿಯವರೆಗೆ ಏರಿದೆಯೋ ಅಲ್ಲೊಂದು ಗೆರೆ ಎಳೆದು ತಾರೀಕು ಬರೆಯುವರು.

"ಕಾಕಾ, ಕಂಬಕ್ಕ ಜಾತಕ ಬರೀತೀರೇನ್ರಿ?" ಎಂದು ಕಾಡಿಸುತ್ತಿದ್ದೆ.

"ನಗ್ರಿ, ನಗ್ರಿ. ಅದರ ಮ್ಯಾಲೆ ಮಲಗೋರು ನೀವ."

ನಾನು ಮನೆ ಮಾರಿ ಮಣಿಕೊಂಡಕ್ಕೆ ಹೋಗಲು ಹೊರಟಾಗ ಆ ಪೆನ್ಸಿಲ್ ನನಗೇ ಅಡ್ಡ ಬಂತು. ಕೊಳ್ಳುವವರಿಗೆ ಸಾಲ ಕೊಡುವ ಮೊದಲು ಬ್ಯಾಂಕು ಸಂಘದಿಂದ ಒಂದು ಪ್ರಮಾಣಪತ್ರ ಕೇಳುತ್ತದೆ: ಕಟ್ಟಡದಲ್ಲಿ ದೋಷವಿದೆಯೇ, ಕೋರ್ಟಿನಲ್ಲಿ ಕೇಸಿದೆಯೇ. 'ಇಲ್ಲ' ಎಂದು ಬರೆದು ಮೊಹರು ಒತ್ತಿದರೆ ಮುಗಿಯಿತು. ಈ ಪುಣ್ಯಾತ್ಮ 'ಬಿರುಕಿದೆ' ಎಂದು ಬರೆದು ಅಳತೆಯನ್ನೂ ಸೇರಿಸಿದರು. ಬ್ಯಾಂಕು ಕೈಬಿಟ್ಟಿತು, ಕೊಳ್ಳುವವರೂ ಕಾಲ್ಕಿತ್ತರು.

ಸಿಟ್ಟು ನೆತ್ತಿಗೇರಿತು. ಈ ಮುದುಕ ಇರುವ ತನಕ ಯಾರ ಮನೆಯೂ ಮಾರಾಟವಾಗುವುದಿಲ್ಲ ಎಂದು ಮನೆಮನೆಗೆ ಹೋಗಿ ತೆಲುಗಿನಲ್ಲೂ ಹಿಂದಿಯಲ್ಲೂ ಕಿವಿ ಊದಿದೆ. ಸಭೆಯಲ್ಲಿ ಅವರ ಪರವಾಗಿ ಎದ್ದ ಕೈ ಅವರ ಹೆಂಡತಿಯದೊಂದೇ. ನಾನು ಕಾರ್ಯದರ್ಶಿಯಾದೆ. ಮೊದಲ ಕೆಲಸವಾಗಿ ಕಂಬಕ್ಕೆ ಬಣ್ಣ ಬಳಿಸಿದೆ.

ಮರುವರ್ಷ ಕಾಕಿಗೆ ಲಕ್ವ ಹೊಡೆಯಿತು. ಎತ್ತಿದ್ದ ಆ ಕೈಯೇ ಬಿದ್ದುಹೋಯಿತು, ಮಾತೂ ನಿಂತಿತು. ಒಬ್ಬರೇ ಎತ್ತಿ ಇಳಿಸಿ ಸೋತ ಕಾಕಾ, ಮನೆ ಮಾರಿ ಆಕೆಯನ್ನು ಬೀದರಿನಲ್ಲಿದ್ದ ತಮ್ಮಂದಿರ ಹತ್ತಿರ ಕರೆದೊಯ್ಯಲು ನಿಶ್ಚಯಿಸಿದರು. ಕೊಳ್ಳುವವರು ಸಿಕ್ಕರು. ಪ್ರಮಾಣಪತ್ರಕ್ಕೆ ಕಾಕಾ ನನ್ನ ಬಾಗಿಲಿಗೆ ಬಂದರು.

"ಏನು ಬರೀಲಿ ಕಾಕಾ?" ಬೇಡಿಕೊಳ್ಳಲಿ ಎಂದೇ ಕೇಳಿದ್ದು.

"ಇದ್ದದ್ದು ಬರೀರಿ."

ಅವರ ಹಳೆಯ ಪತ್ರವನ್ನೇ ಅಕ್ಷರ ಬಿಡದೆ ಇಳಿಸಿ ಕೊಟ್ಟೆ. ಓದಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು ಅಳತೆಗೆ ಕಾಟು ಹಾಕಿದರು.

"ಇದು ಹಳೇದ್ರಿ. ಈಗ ಇನ್ನೊಂದು ಗೇಣು ಏರೇತಿ. ಎಲ್ಲಾರಿಗೂ ಹಿಂಗ ಬರೀರಿ. ಭಾಳ ಛಲೋ ಮಾಡಿದ್ರಿ."

ನನಗೆ ಬುದ್ಧಿ ಬಂತೆಂದು ನಂಬಿ, ಭುಜ ತಟ್ಟಿ ಹೋದರು. ಅವರ ಮಾರಾಟ ಮುರಿಯಿತು. ಅದೇ ವಾರ 'ದೋಷವಿಲ್ಲ' ಎಂದು ನಾನೇ ಬರೆದು, ನಾನೇ ಸಹಿ ಹಾಕಿ, ನನ್ನ ಮನೆಯನ್ನು ಮೈಸೂರಿನ ಗಂಡಹೆಂಡತಿಗೆ ಮಾರಿದೆ.

ಕೆಲವು ತಿಂಗಳಿಗೆ ಕಾಕಾ ಒಂದು ಬೆಳಿಗ್ಗೆ ಕಾಕಿಯ ಮಂಚದ ಪಕ್ಕದಲ್ಲೇ ಕುಸಿದರು. ಕೂಗಲಾರದ ಆಕೆ ಸಂಜೆಯ ತನಕ ಆ ಹೆಣವನ್ನು ನೋಡುತ್ತ ಮಲಗಿದ್ದರಂತೆ. ನಾನು ಮಣ್ಣಿಗೂ ಹೋಗಲಿಲ್ಲ. ನಾಚಿಕೆಯಿಂದಲ್ಲ, ಹೊಸ ಮನೆಗೆ ಪರದೆ ಹಾಕುವವರು ಬರುವವರಿದ್ದರು. ನಾಚಿಕೆ ಬಂದದ್ದು ತೀರ ಈಚೆಗೆ.

ಕಳೆದ ವಾರ ಮೈಸೂರಿನ ಆ ಹೆಣ್ಣುಮಗಳು ಫೋನು ಮಾಡಿದ್ದರು. "ಸರ್, ಸೆಲ್ಲಾರ್‌ನಲ್ಲಿ ಕಂಬದ ಬಣ್ಣ ಉದುರ್ತಿದೆ. ಕೆಳಗೆ ಕೆಂಪು ಪೆನ್ಸಿಲ್ ಗೆರೆಗಳು, ತಾರೀಕು ಎಲ್ಲಾ ಇವೆ. ಏನ್ ಸರ್ ಅದು?"

ಹೇಳಬಹುದಿತ್ತು.

"ಅಲ್ಲೊಬ್ಬರು ಕಾಕಾ ಇದ್ರು. ಮೊಮ್ಮಗನ ಎತ್ತರ ಗುರುತು ಹಾಕ್ತಿದ್ರು" ಎಂದೆ.

"ಅಯ್ಯೋ, ಎಷ್ಟು ಚೆನ್ನಾಗಿದೆ! ನಮ್ಮ ಪಾಪೂದೂ ಅಲ್ಲೇ ಹಾಕ್ತೀವಿ ಸರ್."

"ಹಾಕ್ರಿ" ಎಂದೆ.