ಹದಿನಾರು ದಿನದಣ್ಣ

ನಮ್ಮ ಕಚೇರಿಯಲ್ಲಿ ಅವನಿಗೆ ಹದಿನಾರು ದಿನದಣ್ಣ ಎಂದೇ ಹೆಸರು. ಉಪಗ್ರಹ ಹದಿನಾರು ದಿನಕ್ಕೊಮ್ಮೆ ಬೆಳಿಗ್ಗೆ ಹತ್ತೂವರೆಗೆ ಅವನ ತಲೆಯ ಮೇಲೆ ಹಾದುಹೋಗುತ್ತದೆ. ಆ ಹೊತ್ತಿಗೆ ಅವನು ಬಯಲಿನ ಗುರುತುಕಲ್ಲಿನ ಪಕ್ಕ ನಿಂತು, ಪಿಸ್ತೂಲಿನಂಥ ಥರ್ಮಾಮೀಟರನ್ನು ನೆಲಕ್ಕೆ ಗುರಿಯಿಟ್ಟು, ಐದೈದು ನಿಮಿಷಕ್ಕೊಮ್ಮೆ ಶಾಖ ಬರೆದುಕೊಳ್ಳುತ್ತಾನೆ. ಒಣನೆಲ ವರ್ಷದಿಂದ ವರ್ಷಕ್ಕೆ ಎಷ್ಟು ಬೋಳಾಯಿತು, ಎಷ್ಟು ಕಾಯಿತು ಎಂದು ಉಪಗ್ರಹದ ಚಿತ್ರ ನೋಡಿ ಹೇಳುವುದು ನಮ್ಮ ಕೆಲಸ. ಮೇಲಿನವನು ಹೇಳಿದ್ದು ನಿಜವೇ ಎಂದು ಕೆಳಗಿನವನನ್ನು ಕೇಳಿ ತಿಳಿಯುವ ಏರ್ಪಾಡು ಇದು. ನಾನೋ, ಮರುಭೂಮಿಯ ಬಗ್ಗೆ ಏಸಿ ಕೋಣೆಯಲ್ಲಿ ಸ್ವೆಟರ್ ಹಾಕಿಕೊಂಡು ವರದಿ ಬರೆಯುವವನು.

ಅಣ್ಣ ಮೊದಲು ಪಂಪ್‌ಹೌಸಿನ ಆಪರೇಟರ್ ಆಗಿದ್ದ. ನೀರು ಬತ್ತಿತು, ಪಂಪು ನಿಂತಿತು, ಸುತ್ತಲಿನ ಮನೆಗಳು ಒಂದೊಂದಾಗಿ ಬೀಗ ಜಡಿದುಕೊಂಡವು. ಅವನೊಬ್ಬ ಪಂಪ್‌ಹೌಸಿನ ಕೋಣೆಯಲ್ಲೇ ಉಳಿದ.

“ತಂಗಿ ಬಾ ಅಂತಾಳೆ ಸಾರ್. ಅವಳ ಮನೇಲಿ ನಾನು ಮೂಲೇಲಿಟ್ಟ ಕೊಡೆ ಇದ್ದಹಾಗೆ. ಇಲ್ಲಾದ್ರೆ ಹದಿನಾರು ದಿನಕ್ಕೊಂದ್ಸಲನಾದ್ರೂ ಕೆಲಸಕ್ಕೆ ಬರ್ತೀನಿ.”

ಉಪಗ್ರಹ ಬರುವ ದಿನ ಅವನು ಗಡ್ಡ ಬೋಳಿಸಿ, ಒಗೆದ ಅಂಗಿ ತೊಡುತ್ತಿದ್ದ. ಆ ಚಿತ್ರದಲ್ಲಿ ಮನುಷ್ಯರು ಕಾಣುವುದಿಲ್ಲ ಎಂದು ನಾನು ಒಮ್ಮೆ ಹೇಳಿದೆ.

“ಗೊತ್ತು ಸಾರ್. ಆದ್ರೂ ನಮ್ಮನೆ ಮೇಲೇ ಹೋಗೋರಲ್ವಾ.”

ತೊಂದರೆಯೆಂದರೆ, ಅವನ ಅಂಕಿ ಯಾವಾಗಲೂ ಉಪಗ್ರಹದ್ದಕ್ಕಿಂತ ಎರಡರಿಂದ ನಾಲ್ಕು ಡಿಗ್ರಿ ಕಡಿಮೆ. ಪ್ರತಿ ಸಲವೂ ಚಿತ್ರ ಬಂದ ಮೇಲೆ ನಾನು ಫೋನ್ ಮಾಡಿ, “ಯಾಕಣ್ಣಾ, ಮತ್ತೆ ಕಡಿಮೆ?” ಎನ್ನುತ್ತಿದ್ದೆ. ಅವನು ಗಾಳಿ, ಮೋಡ, ಇರುವೆ ಸಾಲು, ಹಿಂದಿನ ರಾತ್ರಿಯ ಇಬ್ಬನಿ ಎಂದು ಅರ್ಧ ಗಂಟೆ ಸಮಜಾಯಿಷಿ ಕೊಡುತ್ತಿದ್ದ.

ಕೊನೆಗೆ ನಮ್ಮ ಮೇಡಂ ಸಿಡಿದರು. “ಆ ಮನುಷ್ಯ ಮನೇಲಿ ಮಲಗಿ ಅಂಕಿ ಬರೀತಿದಾನೆ ಕಣ್ರೀ. ಹನ್ನೊಂದು ವರ್ಷದ್ದೂ ಕಿತ್ತುಹಾಕಿ. ಆ ಜಾಗಾನೂ ಕೈಬಿಡಿ.”

“ಒಂದ್ಸಲ ಹೋಗಿ ನೋಡ್ಕೊಂಡ್ ಬರ್ತೀನಿ ಮೇಡಂ,” ಎಂದೆ.

ನಾನು ಹೋದಾಗ ಅಣ್ಣ ಆಗಲೇ ನಿಂತಿದ್ದ. ಹನ್ನೊಂದು ವರ್ಷ ಒಂದೇ ಕಡೆ ನಿಂತು ನಿಂತು ನೆಲದಲ್ಲಿ ಎರಡು ಪಾದದ ಹಳ್ಳಗಳಾಗಿದ್ದವು. ಸೂರ್ಯ ಅವನ ಬೆನ್ನಿಗಿದ್ದ. ಅವನ ನೆರಳು, ಅಳತೆ ಹಿಡಿದು ಹಾಸಿದಂತೆ, ಅವನು ಅಳೆಯುವ ಜಾಗದ ಮೇಲೇ ಬಿದ್ದಿತ್ತು.

“ಅಣ್ಣಾ, ನೆರಳು!”

“ಬಿಸಿಲಿಗೆ ಬೆನ್ನು ಹಾಕದಿದ್ರೆ ಅಂಕಿ ಕಾಣಲ್ಲ ಸಾರ್. ಕಾಗದದಲ್ಲೇ ಹಾಗೆ ಬರ್ದಿದೆಯಲ್ಲ.”

ಒಳಗಿನಿಂದ ಪ್ಲಾಸ್ಟಿಕ್ ಹೊದಿಸಿದ ಸೂಚನಾಪತ್ರ ತಂದ. ನಾಲ್ಕನೆಯ ಸೂಚನೆ: ‘ಅಂಕಿಗಳು ಸ್ಪಷ್ಟವಾಗಿ ಕಾಣುವಂತೆ ಸೂರ್ಯನಿಗೆ ಬೆನ್ನುಮಾಡಿ ನಿಲ್ಲತಕ್ಕದ್ದು.’ ಕೆಳಗೆ ನನ್ನದೇ ಸಹಿ. ಟ್ಯೂಬ್‌ಲೈಟಿನ ಕೆಳಗೆ ಕೂತು ಬರೆದವನಿಗೆ ಮನುಷ್ಯನಿಗೊಂದು ನೆರಳಿರುತ್ತದೆ ಎಂಬುದು ಹೊಳೆದಿರಲಿಲ್ಲ.

ನಾನು ಬಿಡಿಸಿ ಹೇಳುವ ಮೊದಲೇ ಅವನಿಗೆ ಅರ್ಥವಾಯಿತು. ಗುರುತುಕಲ್ಲಿನ ಮೇಲೆ ಕೂತುಬಿಟ್ಟ.

“ಹಾಗಾದ್ರೆ ಇಷ್ಟು ದಿನ ನನ್ನ ನೆರಳನ್ನೇ ಅಳ್ದೆ ಅನ್ನಿ. ಜ್ವರ ಬಂದ ದಿನಾನೂ ನಿಂತಿದ್ದೆ ಸಾರ್. ಎಲ್ಲಾ ಬಿಸಾಕ್ತಾರಾ?”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ನಾನು. ಈ ಸಲ ಕಚೇರಿಗೆ ಮರಳಿ, ಮೇಡಂ ಕಳ್ಳ ಎನ್ನುವ ಮೊದಲೇ ಮುಟ್ಟಿಕೊಂಡೆ. ಅವರು ಸೂಚನಾಪತ್ರ ಓದಿ, “ಅಕ್ಷರ ಚೆನ್ನಾಗಿದೆ, ತಲೇದೇ ತೊಂದ್ರೆ,” ಎಂದರು. “ಹೋಗಿ. ಅವರು ಹಾಗೇ ನಿಲ್ಲಲಿ, ನೀವು ಬಿಸಿಲಿನ ನೆಲ ಅಳೀರಿ. ಬೇಸಿಗೆ ಬೇರೆ, ಚಳಿಗಾಲ ಬೇರೆ, ಒಂದಿಡೀ ವರ್ಷ ಆಗ್ಬೇಕು. ವ್ಯತ್ಯಾಸ ಗೊತ್ತಾದ್ರೆ ಹಳೇ ಅಂಕಿ ಎಲ್ಲಾ ಉಳಿಸ್ಕೋಬಹುದು.”

ಹೀಗೆ ವರ್ಷವಿಡೀ ಹದಿನಾರು ದಿನಕ್ಕೊಮ್ಮೆ ನಾವಿಬ್ಬರೂ ನಾಲ್ಕು ಹೆಜ್ಜೆ ಅಂತರದಲ್ಲಿ ಎದುರುಬದುರಾಗಿ ನಿಂತೆವು. ಅವನು ಸೂರ್ಯನಿಗೆ ಬೆನ್ನುಮಾಡಿ, ನಾನು ತಲೆಗೆ ಟವೆಲ್ ಹಾಕಿಕೊಂಡು ಮುಖಮಾಡಿ. ಎರಡನೆಯ ಸಲಕ್ಕೆ ಅವನ ಕೋಣೆಯಲ್ಲಿ ಇನ್ನೊಂದು ಲೋಟ ಬಂದಿತ್ತು. “ನಿಮ್ಮ ಮುಖ ಇವತ್ತು ಎಷ್ಟು ಡಿಗ್ರಿ ಸಾರ್?” ಎಂದು ಥರ್ಮಾಮೀಟರನ್ನು ನನ್ನ ಹಣೆಗೇ ಗುರಿಯಿಟ್ಟು ನಗುತ್ತಿದ್ದ. ಬೇಸಿಗೆಯಲ್ಲಿ ನೆರಳಿಗೂ ಬಿಸಿಲಿಗೂ ನಾಲ್ಕು ಡಿಗ್ರಿ ವ್ಯತ್ಯಾಸ, ಚಳಿಗಾಲದಲ್ಲಿ ಎರಡು. ಅದನ್ನು ಕೂಡಿಸಿದಾಗ ಹನ್ನೊಂದು ವರ್ಷದ ಅಂಕಿಗಳು ಉಪಗ್ರಹದ್ದರ ಜೊತೆ ಹೆಜ್ಜೆ ಹಾಕಿದವು. ನೆಲ ಕಾಯುತ್ತಿರುವುದು ನಿಜವೆಂದು ಅವನ ಪುಸ್ತಕಗಳೇ ಸಾಕ್ಷಿ ಹೇಳಿದವು. ಮೇಡಂ ಸಹಿ ಹಾಕಿದರು.

ಕೊನೆಯ ದಿನ ಅಣ್ಣ ಕೇಳಿದ: “ಇನ್ನೊಂದ್ ವರ್ಷ ಅಳೆದ್ರೆ ಲೆಕ್ಕ ಇನ್ನೂ ಗಟ್ಟಿಯಾಗಲ್ವಾ ಸಾರ್?”

“ಸಾಕಣ್ಣಾ, ಗಟ್ಟಿಯಾಗಿದೆ.”

ಅವನು ಲೋಟಗಳೆರಡನ್ನೂ ತೊಳೆದು ಬೋರಲು ಹಾಕಿದ.

ಮುಂದಿನ ಸಲ ಹೊಸ ಸೂಚನೆಯಂತೆ ನಿಂತು ಅಳೆದ. ಚಿತ್ರ ಬಂದ ದಿನ ಅವನೇ ಫೋನ್ ಮಾಡಿದ.

“ನಂದು ಐವತ್ತೊಂದೂವರೆ. ಮೇಲಿನವನದು?”

“ಅಷ್ಟೇ ಅಣ್ಣಾ.”

“ಪೂರ್ತಿ ಅಷ್ಟೇನಾ?”

“ಪೂರ್ತಿ.”

“ಓ. ಹಾಗಾದ್ರೆ ನೀವು ಕೇಳೋದೇನೂ ಇಲ್ಲ.”

ಇಬ್ಬರೂ ಫೋನ್ ಇಡಲಿಲ್ಲ. ಗಾಳಿ ಹೇಗಿತ್ತು ಎಂದಾದರೂ ಕೇಳೋಣವೆಂದುಕೊಂಡೆ. ಅಷ್ಟರಲ್ಲಿ ಅವನೇ, “ಇಡ್ತೀನಿ ಸಾರ್, ನಿಮಗೆ ಕೆಲಸ ಇರುತ್ತೆ,” ಎಂದ.

ನನಗೆ ಆ ದಿನ ಅಂಥ ಕೆಲಸವೇನೂ ಇರಲಿಲ್ಲ.