ಹೊಳೆಯ ತಿರುವಿನಲ್ಲಿ ಅವ್ವನ ಸಮಾಧಿ

ಹಾನಗಲ್ಲ ತಾಲೂಕಿನಲ್ಲಿ ವರದಾ ಹೊಳೆ ಬಳಸಿ ತಿರುಗುವ ಕಡೆ ನಮ್ಮ ಹೊಲ. ನಮ್ಮವರಲ್ಲಿ ಸತ್ತವರನ್ನು ಸುಡುವುದಿಲ್ಲ, ಸ್ವಂತ ಹೊಲದಲ್ಲೇ ಮಣ್ಣು ಮಾಡುತ್ತೇವೆ. ಅವ್ವ ತನ್ನ ಜಾಗವನ್ನು ತಾನೇ ತೋರಿಸಿದ್ದಳು. ದಂಡೆಯ ಹೊಂಗೆ ಮರದಿಂದ ಬಹಳ ಈಚೆಗೆ, ಆದರೂ ನೀರಿನ ಸಪ್ಪಳ ಕೇಳುವಂತಿತ್ತು. "ಹೊಳಿ ಇಲ್ಲಿಗೆ ಬರೂದರಾಗ ನಿಮ್ಮ ಮೊಮ್ಮಕ್ಕಳೂ ಮುದುಕರಾಗಿರ್ತಾರ" ಎಂದು ನಕ್ಕಿದ್ದಳು.

ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಹೊಳೆ ತಿರುವಿನಲ್ಲಿ ಹೊರಗಿನ ದಂಡೆಯನ್ನು ಕೊರೆಯುತ್ತದೆ, ಒಳಗಿನ ದಂಡೆಗೆ ಹೂಳು ತಂದು ಹಾಕುತ್ತದೆ. ನಮ್ಮದು ಹೊರಗಿನ ದಂಡೆ. ಅಕ್ಕಿಆಲೂರಿನ ಶಾಲೆಯಲ್ಲಿ ಬೋರ್ಡಿನ ಮೇಲೆ ಸೊಟ್ಟ ಹೊಳೆ ಬರೆದು ಇದನ್ನೇ ಕಲಿಸುತ್ತ ನನ್ನ ಕೂದಲು ಬೆಳ್ಳಗಾಯಿತು. ಆದರೆ ಹೊಳೆಗೆ ಅವಸರವಿಲ್ಲ. ನಾನೂ ಅಣ್ಣನೂ ಆ ಹೊಂಗೆಯ ಬಾಗಿದ ಕೊಂಬೆಯಿಂದ ನೀರಿಗೆ ಜಿಗಿದವರು. ನನ್ನ ಮಗಳೂ ಅದೇ ಕೊಂಬೆಯಿಂದ ಜಿಗಿದಳು. ಅಷ್ಟು ವರ್ಷ ಆ ಮರ ಬಾಗಿಕೊಂಡೇ ಇತ್ತು, ಬೀಳಲಿಲ್ಲ.

ಈಗ ಮರವಿಲ್ಲ. ಮರ ನಿಂತಿದ್ದ ದಂಡೆಯೂ ಇಲ್ಲ. ಉಸುಕಿನ ಟ್ರ್ಯಾಕ್ಟರುಗಳು ಮರಳು ತುಂಬಲು ಹಾಡಹಗಲೇ ಹೊಳೆಗೆ ಇಳಿಯುತ್ತವೆ, ಯಾರ ಹೆದರಿಕೆಯೂ ಇಲ್ಲ. ತಳದ ಉಸುಕನ್ನು ಬಾಚಿದರೆ ದಂಡೆಯ ಕಾಲನ್ನೇ ಕಡಿದಂತೆ. ಮಳೆಗಾಲದ ನೀರು ಅಡಿಯ ಮಣ್ಣನ್ನು ತಿನ್ನುತ್ತದೆ, ಮೇಲಿನದು ದೊಪ್ಪನೆ ಕುಸಿಯುತ್ತದೆ. ಕೇಳಲು ಹೋದ ಅಣ್ಣನಿಗೆ ಟ್ರ್ಯಾಕ್ಟರಿನವರು, "ಹೊಳಿ ನಿಮ್ಮಪ್ಪಂದೇನು?" ಎಂದರಂತೆ.

ಕಳೆದ ಸೀಗಿ ಹುಣ್ಣಿಮೆಗೆ ಹೊಲದಲ್ಲಿ ಭೂತಾಯಿಗೆ ಅಡುಗೆಯ ಚರಗ ಚೆಲ್ಲಿ, ಪ್ರತಿ ವರ್ಷದಂತೆ ಅವ್ವನಿಗೆ ಎಡೆ ಇಡಲು ಹೋದೆವು. ಸಮಾಧಿಯ ಪಕ್ಕದಲ್ಲೇ, ಹೊಳೆಯ ಕಡೆ, ನೆಲ ಬಾಯಿ ಬಿಟ್ಟಿತ್ತು. ನನ್ನ ಕೈ ಮೊಣಕೈವರೆಗೆ ಒಳಗೆ ಹೋಯಿತು. ಅದರಾಚೆ ದಂಡೆ, ಕೆಳಗೆ ನೀರು. ಎಡೆಯ ಕಡುಬನ್ನು ಅಲ್ಲೇ ಇಟ್ಟು, ಮರುದಿನವೇ ಹಾನಗಲ್ಲಿಗೆ ಹೋಗಿ, ದಂಡೆ ಉಳಿಸಿಕೊಡಿ ಎಂದು ನೀರಾವರಿ ಇಲಾಖೆಗೆ ಅರ್ಜಿ ಕೊಟ್ಟೆ.

ನೋಡಲು ಬಂದ ಸಾಹೇಬ ನನ್ನ ಹಳೆಯ ವಿದ್ಯಾರ್ಥಿ. ಕಾಲಿಗೆ ನಮಸ್ಕಾರ ಮಾಡಿದ. ಒಳ್ಳೆಯದೇ ಆಯಿತು ಅಂದುಕೊಂಡೆ. ದಂಡೆಯ ಮೇಲೆ ಸ್ವಲ್ಪ ಅಡ್ಡಾಡಿ ಬಂದು, "ಇದು ನೈಸರ್ಗಿಕ ಸವಕಳಿ ರೀ ಅಕ್ಕೋರ. ತಿರುವಿನ್ಯಾಗ ಹೊರಗಿನ ದಂಡಿ ಕೊರೀತೈತಿ ಅಂತ ನೀವ ಕಲಿಸಿದ್ರಲ್ರಿ" ಎಂದ.

ನನ್ನ ಪಾಠವನ್ನು ನನ್ನ ಮುಖಕ್ಕೇ ಎಸೆದ! "ಅರ್ಧಾ ಪಾಠ ಯಾಕ ನೆನಪಿಟ್ಟೀಯೋ?" ಎಂದೆ. "ಅದಕ್ಕ ತಲೆಮಾರು ತಲೆಮಾರು ಹಿಡೀತೈತಿ ಅಂತನೂ ಕಲಿಸಿದ್ದೆ. ಕೆಳಗ ಟ್ರ್ಯಾಕ್ಟರಿನ ಗಾಲಿ ಗುರುತು ಕಾಣಂಗಿಲ್ಲೇನು? ಅದನ್ನೂ ನಿಸರ್ಗ ಮಾಡೈತೇನು?"

"ಉಸುಕಿನ ವಿಷಯ ನಮ್ಮ ಇಲಾಖೆಗೆ ಬರಂಗಿಲ್ರಿ" ಎಂದು ಕೈ ತೊಳೆದುಕೊಂಡ.

ಮತ್ತೆ ಮಳೆಗಾಲ ಹತ್ತಿರ ಬಂತು. ಅಣ್ಣ ಸಮಾಧಿಯನ್ನು ಮೇಲಿನ ಬದುವಿಗೆ ಒಯ್ಯೋಣ ಎಂದ. ನಾನು ಒಪ್ಪಲಿಲ್ಲ. ತಪ್ಪು ಮಾಡಿದವರು ಆರಾಮಾಗಿ ಇರಬೇಕು, ಸತ್ತವಳು ಮಾತ್ರ ಎದ್ದು ಜಾಗ ಬಿಡಬೇಕೇ? ಅಣ್ಣ ಮೆಲ್ಲಗೆ, "ತಂಗೀ, ನಿನ್ನ ಸಿಟ್ಟು ನೀರು ತಡೀತೈತೇನು? ಅವ್ವ ಹೊಳ್ಯಾಗ ಹೋದ ಮ್ಯಾಲೆ ಯಾರ ಜೋಡಿ ಜಗಳಾಡ್ತಿ?" ಎಂದು ಕೇಳಿದ. ಮರುದಿನ ನಾನೇ ಅಯ್ಯನವರಿಗೆ ಹೇಳಿಕಳಿಸಿದೆ.

ಅಯ್ಯನವರು ಬಂದು ಪೂಜೆ ಮಾಡಿದರು. ಅಣ್ಣ ಯಾರನ್ನೂ ಇಳಿಯಗೊಡದೆ ತಾನೇ ಅಗೆದ ಕುಣಿಗೆ ಇಳಿದ. ಮಣ್ಣು ಮಾಡುವಾಗ ಅವ್ವನ ಅಂಗೈಯಲ್ಲಿ ಇಟ್ಟಿದ್ದ ಲಿಂಗ ಸಿಕ್ಕಿತು. ಅದನ್ನು ಎದೆಗೆ ಒತ್ತಿಕೊಂಡು ಅಲ್ಲೇ ಕುಳಿತುಬಿಟ್ಟ. ನಾನು ಬಿಳಿ ಅರಿವೆ ಹಾಸಿ, ಅವನು ಒಂದೊಂದಾಗಿ ಕೊಟ್ಟ ಎಲುಬನ್ನು ಇಸಿದುಕೊಂಡೆ. ನನ್ನನ್ನು ಹೊತ್ತು ತಿರುಗಿದವಳು ಒಂದು ಗಂಟಿನಲ್ಲಿ ಹಿಡಿಸಿದಳು. ಅಳು ಬಂತು, ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

ಹೊಸ ಸಮಾಧಿಗೆ ಕಟ್ಟೆ ಕಟ್ಟಿಸಲು ಅಣ್ಣ ಗೌಂಡಿಗೆ ಹೇಳಿದ್ದ. ಗೌಂಡಿ ಫೋನು ಮಾಡಿದ, ಅರ್ಧ ತಾಸಿನಲ್ಲಿ ಉಸುಕು ತುಂಬಿದ ಟ್ರ್ಯಾಕ್ಟರ್ ಬಂತು. ಉಸುಕಿನಿಂದ ಇನ್ನೂ ನೀರು ಸೋರುತ್ತಿತ್ತು.

"ಎಲ್ಲಿಂದಪಾ ಇದು?" ಎಂದು ಡ್ರೈವರನನ್ನು ಕೇಳಿದೆ.

"ದೂರೇನಲ್ರಿ ಅಕ್ಕೋರ, ಇಲ್ಲೇ ನಿಮ್ಮ ಹೊಲದ ಕೆಳಗಿಂದ. ಭಾಳ ಚಲೋ ಉಸುಕ್ರಿ."

"ಹಂಗ ತಿರುಗಿಸು ಗಾಡಿ. ನಮ್ಮವ್ವನ ಮ್ಯಾಲೆ ಇದರಾಗಿಂದು ಒಂದು ಬೊಗಸಿನೂ ಬೀಳಬಾರದು."

ಗೌಂಡಿ ಅಣ್ಣನ ಮುಖ ನೋಡಿದ. ಅಣ್ಣ ಸಲಿಕೆ ತೆಗೆದುಕೊಂಡು ಹೊಲದ ಎರೆಮಣ್ಣನ್ನೇ ಏರಿಸತೊಡಗಿದ. ಅವ್ವನಿಗೆ ಇವತ್ತಿಗೂ ಕಟ್ಟೆಯಿಲ್ಲ.

ಟ್ರ್ಯಾಕ್ಟರ್ ಹೋಗಿ ರಸ್ತೆ ಪಕ್ಕದ ಹೊಸ ಮನೆಯೊಂದರ ಮುಂದೆ ಉಸುಕನ್ನು ಸುರಿಯಿತು. ನಾವು ಮಣ್ಣು ಹಾಕಿ ಮುಗಿಸುವುದರೊಳಗೆ ಖಾಲಿ ಟ್ರೇಲರ್ ಬಡಿದುಕೊಳ್ಳುತ್ತ ನಮ್ಮ ಮುಂದೆಯೇ ಹಾದು, ಮತ್ತೆ ಹೊಳೆಗೆ ಇಳಿಯಿತು.