ಟವೆಲಿನ ಕೆಳಗಿನ ವ್ಯಾಪಾರ

ಲಕ್ವಾ ಹೊಡೆದಾಗ ಅಪ್ಪನ ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ನಾಲಿಗೆಗೆ ಮಾತ್ರ ಏನೂ ಆಗಲಿಲ್ಲ. ಕಮಲಾಪುರದ ಮನೆಯಲ್ಲಿ ಹೊರಸಿನ ಮೇಲೆ ಕೂತು ಎಲ್ಲರನ್ನೂ ಬೈಯುತ್ತಿದ್ದ. ಫಿಜಿಯೋಥೆರಪಿಯಿಂದ ಕಾಲು ಚೇತರಿಸಿಕೊಂಡಿತು. ಕೈ ಮಡಿಲಲ್ಲೇ ಬಿದ್ದಿರುತ್ತಿತ್ತು, ಅದರ ಮೇಲೆ ಸದಾ ಅವನ ಟವೆಲು. ಅಪ್ಪ ಎತ್ತಿನ ಸಂತೆಯ ದಲ್ಲಾಳಿ. ಟವೆಲಿನ ಕೆಳಗೆ ಎದುರಿನವನ ಬೆರಳು ಹಿಡಿದು, ಬಾಯಿ ಬಿಡದೆ ರೇಟು ಹೇಳುವ ಕೆಲಸ. "ಕೈ ಹೋದ್ರ ನಾ ಹೋದಂಗ," ಅಂದಿದ್ದ ಒಮ್ಮೆ.

ಕೈಗೆ ಅದರ ಕೆಲಸವನ್ನು ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್ ಬೇಕು, ಅದರಲ್ಲೂ ಮೆದುಳು-ನರದ ರೋಗಿಗಳನ್ನೇ ನೋಡುವವರು ಬೇಕು ಎಂದು ಡಾಕ್ಟರು ಹೇಳಿದ್ದೇ ತಡ, ನಾನು ಕಲಬುರಗಿಯನ್ನೆಲ್ಲ ಜಾಲಾಡಿದೆ. ಒಬ್ಬರು ಮಕ್ಕಳನ್ನಷ್ಟೇ ನೋಡುತ್ತಾರಂತೆ. ಇನ್ನೊಬ್ಬರು ಟವೆಲು ಕಿತ್ತು ಪಕ್ಕಕ್ಕಿಟ್ಟು ಸ್ಪಂಜಿನ ಚೆಂಡು ಕೊಟ್ಟರು. ಅಪ್ಪ ಎಡಗೈಯಿಂದ ಅದನ್ನು ಬಾಗಿಲಾಚೆ ಎಸೆದ. "ಹೈದರಾಬಾದಿಗೆ ಹೋಗೋಣ ನಡಿ," ಅಂದ ನನ್ನ ಗಂಡ. ನಾನು ಹಟ ಬಿಡಲಿಲ್ಲ. ಕೊನೆಗೆ ಕಲಬುರಗಿಯ ಬ್ರಹ್ಮಪುರದಲ್ಲಿ ನಮ್ಮ ಪಕ್ಕದ ಮನೆಯಾಕೆ, ತನ್ನ ಅತ್ತೆಗೆ ಮತ್ತೆ ಸೀರೆ ಉಡುವುದನ್ನು ಕಲಿಸಿದ ಥೆರಪಿಸ್ಟ್ ಒಬ್ಬರು ಇದೇ ಊರಿನ ಮೋಮಿನಪುರದಲ್ಲೇ ಇದ್ದಾರೆ ಅಂದಳು. ಇಷ್ಟು ಹತ್ತಿರ! ಕುಣಿಯುವುದೊಂದು ಬಾಕಿ. ಮರುದಿನವೇ ಅಪ್ಪನನ್ನು ಕರೆದುಕೊಂಡು ಹೋದೆ.

ಬೇಕರಿಯೊಂದರ ಮಹಡಿಯ ಮೇಲೆ ಆಕೆಯ ಕೋಣೆ. ನನಗಿಂತ ಚಿಕ್ಕವಳು. ಟವೆಲನ್ನು ನೋಡಿದಳು, ಮುಟ್ಟಲಿಲ್ಲ.

"ಚಾಚಾ, ಇದರ ಕೆಳಗ ಏನ್ ನಡೀತದ?"

"ವ್ಯಾಪಾರ," ಅಂದ ಅಪ್ಪ, ಬಿಗಿದ ಮುಖದಲ್ಲೇ.

"ಹಂಗಾರ ಇರ್ಲಿ ಬಿಡ್ರಿ. ಮಗಳ ಜೋಡಿ ಮಾಡ್ರಿ ವ್ಯಾಪಾರ."

"ಇಕಿಗೇನ್ ತಿಳೀತದ?"

"ಕಲಿಸ್ರಿ."

ಅಪ್ಪ ಒಪ್ಪುವ ಮೊದಲೇ ನಾನು ಟವೆಲಿನೊಳಗೆ ಕೈ ತೂರಿಸಿದೆ. ಸಂತೆಗೆ ಹೆಣ್ಣುಮಕ್ಕಳನ್ನು ಸೇರಿಸದವನು ಈಗ ಗುಟ್ಟು ಬಿಡಲೇಬೇಕಾಯಿತು: ಎಷ್ಟು ಬೆರಳು ಹಿಡಿದರೆ ಅಷ್ಟು ರೇಟು. ಮೊದಲ ದಿನ ಅವನ ಹೆಬ್ಬೆರಳೊಂದು ಮಿಸುಕಿತು, ಅಷ್ಟೆ. ನನಗೆ ಆ ರಾತ್ರಿ ಖುಷಿಗೆ ನಿದ್ದೆ ಬರಲಿಲ್ಲ. ಆಮೇಲೆ ಊರಲ್ಲಿ ಅಮ್ಮನ ಜೊತೆ, ಇಲ್ಲಿಗೆ ಬಂದಾಗ ನನ್ನ ಜೊತೆ, ವಾರಗಟ್ಟಲೆ ಇದೇ ಆಯಿತು. ಯಾರೂ ಕೈಯನ್ನು ನೋಡುತ್ತಿರಲಿಲ್ಲ. ಅವನಿಗೆ ಬೇಕಿದ್ದದ್ದೂ ಅದೇ.

ಹೋದ ವಾರ ಅದೇ ಕೋಣೆಯಲ್ಲಿ ನನ್ನ ಬೆರಳು ಹಿಡಿದು ಕೇಳಿದ, "ಎಷ್ಟ್?"

"ಎರಡು."

"ಮೂರು! ಖೂನ ಇಲ್ಲೇನ್ ನಿನಗ?"

ಗುರುತು ಸಿಗುವುದಾದರೂ ಹೇಗೆ? ಹಿಡಿದದ್ದು ಎರಡೇ. ಅಪ್ಪನ ಹಣೆಯ ಮೇಲೆ ಬೆವರು ಮೂಡಿತು. ಥೆರಪಿಸ್ಟ್ ನಮ್ಮ ಹತ್ತಿರಕ್ಕೆ ಬಂದು ನಿಂತಳು. ಟವೆಲಿನೊಳಗೆ ಏನೋ ತಡವರಿಸಿತು, ಜಾರಿತು, ಮತ್ತೆ ಬಂತು. ನನ್ನ ಮೂರನೆಯ ಬೆರಳನ್ನು ಎಳೆದುಕೊಂಡು ಗಟ್ಟಿಯಾಗಿ ಹಿಡಿಯಿತು.

"ಮೂರು!" ಎಂದು ಕಿರುಚಿಬಿಟ್ಟೆ. "ಮೂರು ಅಪ್ಪಾ, ಮೂರು!"

ಅಪ್ಪ ಕಣ್ಣು ಕೆಂಪಗೆ ಮಾಡಿದ.

"ಬಾಯಿ ಮುಚ್ಚ! ತುಂಬಿದ ಸಂತ್ಯಾಗ ರೇಟ್ ಒದರತಾರೇನ?"